ಹೊಲಿಗೆ ಕಲಿಯುವವರಿಗೆ ವಿಯೊನೆ ಪರಿಚಯವಾಗಲಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಹೊಲಿಗೆ ತರಬೇತಿ ಕೇಂದ್ರಗಳಲ್ಲಿ ಫ್ರಾನ್ಸಿನ ಉಡುಪು ವಿನ್ಯಾಸಕಿ ಮದ್ಲೇನ್ ವಿಯೊನೆ (1876–1975) ಅವರ ಬದುಕನ್ನೂ ಕನ್ನಡದಲ್ಲಿ ಪಾಠವಾಗಿ ಹೇಳಿಕೊಡಬೇಕೆಂದು ಕೋರುತ್ತೇನೆ. ಬಾಲ್ಯದಲ್ಲೇ ಸೂಜಿ ಹಿಡಿದು, 1912ರಲ್ಲಿ ಪ್ಯಾರಿಸಿನಲ್ಲಿ ಸ್ವಂತ ಸಂಸ್ಥೆ ತೆರೆದ ಆಕೆ, ಬಟ್ಟೆಯನ್ನು ನೂಲಿನ ನೇರಕ್ಕಲ್ಲದೆ ಓರೆಯಾಗಿ ಕತ್ತರಿಸಿ, ಅದು ಮೈಯ ಬಳುಕನ್ನು ತಾನಾಗಿ ಅನುಸರಿಸುವಂತೆ ಮಾಡಿದರು. ಚಿಕ್ಕ ಮರದ ಗೊಂಬೆಯ ಮೇಲೆ ಬಟ್ಟೆ ಇಳಿಬಿಟ್ಟೇ ವಿನ್ಯಾಸ ರೂಪಿಸುತ್ತಿದ್ದರು. ನಕಲು ತಡೆಯಲು ಲೇಬಲಿನ ಮೇಲೆ ತಮ್ಮ ಹೆಬ್ಬೆಟ್ಟನ್ನೇ ಒತ್ತುತ್ತಿದ್ದರು. ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು, ಹೊಲಿಯುವ ಹೆಂಗಸರಿಗೆ ಆಕೆ ಒದಗಿಸಿದ್ದ ವೈದ್ಯರ ನೆರವು, ಊಟದ ಮನೆ ಮತ್ತು ವೇತನಸಹಿತ ರಜೆ. ಸಂಸ್ಥೆ 1939ರಲ್ಲಿ ಮುಚ್ಚಿತು. ಆದರೆ 1952ರಲ್ಲಿ ಆಕೆ ದಾನವಿತ್ತ ಉಡುಪುಗಳು ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಉಳಿದಿವೆ. ಕಾಸರಗೋಡು ಸೀರೆಯ ನೇಕಾರರ ಕೈಕೆಲಸದ ಮಾದರಿಗಳನ್ನೂ ಹಾಗೆಯೇ ಜತನದಿಂದ ಕಾಪಿಡಲು ಜಿಲ್ಲಾಡಳಿತ ಮುಂದಾಗಬೇಕು.

– ಓರ್ವ ಓದುಗಿ, ಕಾಸರಗೋಡು