ಗಾಂಧೀಜಿನ ಅಳೆಯೋಕೆ ಮೊದ್ಲು ಅವರ ಆತ್ಮಕಥೆ ಓದಿ

ಸಂಪಾದಕರೇ,

ಗಾಂಧೀಜಿನ ಹೊಗಳೋರೂ ಬೈಯೋರೂ ಎಷ್ಟೋ ಜನ ಅವರ ಆತ್ಮಕಥೆ ಪೂರ್ತಿ ಓದದೇನೇ ಮಾತಾಡ್ತಿದಾರೆ. 1898ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಮನೇಲಿ, ಪಂಚಮ (ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಜಾತಿಯ) ತಂದೆತಾಯಿಗೆ ಹುಟ್ಟಿದ ಕ್ರೈಸ್ತ ಗುಮಾಸ್ತನ ಮೂತ್ರದ ಪಾತ್ರೆನ ಕಸ್ತೂರಬಾ ಕಣ್ಣೀರು ಹಾಕ್ತಾ ಹೊತ್ಕೊಂಡು ಮೆಟ್ಟಿಲಿಳಿದಾಗ, ಖುಷಿಯಿಂದ ಮಾಡ್ಬೇಕು ಅಂತ ಗಾಂಧೀಜಿ ರೇಗಿ ಅವರ ಕೈ ಹಿಡಿದು ಗೇಟ್‌ವರೆಗೂ ಎಳ್ಕೊಂಡು ಹೋಗಿದ್ದನ್ನ ಅವರೇ ಬರ್ದಿದಾರೆ. ಬಚ್ಚಿಡಲಿಲ್ಲ ಅನ್ನೋದು ದೊಡ್ಡದೇ, ಆದ್ರೆ ಜಾತಿ ಮೀರೋ ಪಾಠಾನ ಹೆಂಡತಿ ಮೇಲೆ ದಬ್ಬಾಳಿಕೆ ಮಾಡಿ ಕಲಿಸಿದ್ದು ತಪ್ಪೇ. 1918ರಲ್ಲಿ ಗುಜರಾತಿನ ಖೇಡಾದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಜನ ಸೇರಿಸೋಕೆ ಓಡಾಡಿದ್ದೂ ಅದ್ರಲ್ಲಿದೆ, ಅಹಿಂಸೆ ಜೊತೆ ಅದು ನನಗೆ ಹೊಂದೋದೇ ಇಲ್ಲ. ಕಥೆ 1920ರ ಹೊತ್ತಿಗೆ ನಿಲ್ಲೋದ್ರಿಂದ 1932ರ ಪೂನಾ ಒಪ್ಪಂದದ (ದಲಿತರ ಮೀಸಲು ಸ್ಥಾನಗಳ ಬಗ್ಗೆ ಗಾಂಧೀಜಿ ಉಪವಾಸದ ಹೊತ್ತಲ್ಲಿ ಆದ ಒಪ್ಪಂದ) ವಿಷಯ ತಿಳಿಯೋಕೆ ಅಂಬೇಡ್ಕರ್ ಬರಹಾನೂ ಓದ್ಬೇಕು. ಶಿಕ್ಷಣ ಇಲಾಖೆ ಪಿಯು ಪಠ್ಯದಲ್ಲಿ ಆ ಡರ್ಬನ್ ಅಧ್ಯಾಯನ ಕತ್ತರಿಸದೆ ಪೂರ್ತಿ ಹಾಕಿ, ಕ್ಲಾಸಲ್ಲಿ ಚರ್ಚೆ ಮಾಡಿಸ್ಲಿ.

– ಒಬ್ಬ ಓದುಗ, ಹಾಸನ