ಆರು ಕೂಪನ್ನುಗಳು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಬ್ಯಾಂಕಿನ ದಾವಣಗೆರೆ ಶಾಖೆಯಲ್ಲಿ ನಿನ್ನನ್ನು ಪಿಂಚಣಿ ಕೌಂಟರಿಗೆ ಹಾಕಿದ್ದಾರೆಂದು ಮೊನ್ನೆ ಫೋನಿನಲ್ಲಿ ಹೇಳಿದಾಗ ನಾನು ‘ಹೂಂ’ ಎಂದು ಸುಮ್ಮನಾದೆ. ಸಾಲದ ವಿಭಾಗ ಸಿಗಬಹುದಿತ್ತು, ಇಲ್ಲಿ ಬರೀ ವಯಸ್ಸಾದವರು, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾರೆ, ನವೆಂಬರ್ ಬಂತೆಂದರೆ ಉಸಿರಾಡಲೂ ಬಿಡುವಿಲ್ಲವಂತೆ ಎಂದೆ ನೀನು. ಅಮ್ಮನಿಗೂ ಬೇಸರವಾಯಿತು ಅಂದುಕೊಂಡಿರಬೇಕು ನೀನು. ನನಗೆ ಮಾತು ಹೊರಡದೇ ಹೋದದ್ದು ಬೇರೆ ಕಾರಣಕ್ಕೆ. ಅದನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ.

ಅಜ್ಜಿಗೆ, ಅಂದರೆ ನನ್ನ ಅವ್ವನಿಗೆ, ಮಿಲಿಟರಿ ಪಿಂಚಣಿ ಬರುತ್ತದೆ ಎಂಬುದು ನೀನು ಹುಟ್ಟಿದಾಗಿನಿಂದ ಕಂಡದ್ದು. ಆ ಹಣ ಬರಲು ಶುರುವಾದಾಗ ನನಗೆ ಇಪ್ಪತ್ತು ವರ್ಷ. ಅಪ್ಪ ಸತ್ತಾಗ ನಾನು ಐದು ತಿಂಗಳ ಕೂಸು. ನಡುವೆ ಏನಾಯಿತು ಎಂಬುದನ್ನು ನಿನಗೆ ಯಾರೂ ಹೇಳಿಲ್ಲ. ಅವ್ವ ಹೇಳುವವಳಲ್ಲ. ನಾನು ಹೇಳದಿರಲು ಕಾರಣವಿತ್ತು.

ಅಪ್ಪ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳಕ್ಕೆ ಭರ್ತಿಯಾದಾಗ ಮದುವೆಯಾಗಿರಲಿಲ್ಲ. ವಾರಸುದಾರರ ಜಾಗದಲ್ಲಿ ತನ್ನ ತಂದೆಯ ಹೆಸರು ಬರೆಸಿದ್ದ. 1970ರಲ್ಲಿ ರಜೆಗೆ ಬಂದಾಗ ಲಗ್ನವಾಯಿತು. ಲಗ್ನವಾದ ಸಿಪಾಯಿ ಅದನ್ನು ತನ್ನ ಪಲ್ಟನ್ನಿಗೆ ತಿಳಿಸಬೇಕು. ಅಲ್ಲಿ ಅದು ‘ಪಾರ್ಟ್ ಟೂ ಆರ್ಡರ್’ ಎಂಬ ದೈನಿಕ ಆದೇಶದಲ್ಲಿ ದಾಖಲಾಗಬೇಕು. ಆ ಒಂದು ಸಾಲು ಬರೆದರೆ ಮಾತ್ರ ಸರ್ಕಾರದ ಲೆಕ್ಕದಲ್ಲಿ ಅವನಿಗೊಬ್ಬ ಹೆಂಡತಿ ಇದ್ದಾಳೆ ಎಂದಾಗುತ್ತದೆ. ಅಪ್ಪನ ಕಡತದಲ್ಲಿ ಆ ಸಾಲು ಇರಲಿಲ್ಲ. ಮುಂದಿನ ರಜೆಗೆ ಬಂದಾಗ ಕಾಗದಪತ್ರ ಒಯ್ದು ಬರೆಸಿದರಾಯಿತು ಅಂದುಕೊಂಡಿದ್ದನೋ ಏನೋ. ಆ ರಜೆ ಬರಲೇ ಇಲ್ಲ.

1971ರ ಡಿಸೆಂಬರ್ 3ಕ್ಕೆ ಯುದ್ಧ ಶುರುವಾಗಿ 16ಕ್ಕೆ ಢಾಕಾದಲ್ಲಿ ಮುಗಿಯಿತು. ಪಾಕಿಸ್ತಾನದ 93,000 ಮಂದಿ ಶರಣಾದರು. ಆ ಶರಣಾಗತಿಯ ಸುದ್ದಿ ರೇಡಿಯೋದಲ್ಲಿ ಬಂದ ದಿನ ಅವ್ವನ ತವರೂರಿನ ಶಾಲೆಯಲ್ಲಿ ಮಕ್ಕಳಿಗೆ ಪೇಢೆ ಹಂಚಿದರಂತೆ. ಬಾಣಂತನ ಮುಗಿದರೂ ಅವ್ವ ಇನ್ನೂ ತವರಿನಲ್ಲೇ ಇದ್ದಳು. ಅವಳಿಗೂ ಒಂದು ಪೇಢೆ ಬಂದಿತ್ತು. ತಾರು ಬಂದದ್ದು ಅದಾದ ನಾಲ್ಕು ದಿನಕ್ಕೆ. ಅದೂ ಗಂಡನ ಊರಿಗೆ, ಮಾವನ ಹೆಸರಿಗೆ. ಗೋಕಾಕ ತಾಲ್ಲೂಕಿನ ಈ ತುದಿಗೆ ಒಬ್ಬ ಹುಡುಗ ಸೈಕಲ್ ತುಳಿದು ಬಂದು ಸುದ್ದಿ ಮುಟ್ಟಿಸಿದ. ಆ ಯುದ್ಧದಲ್ಲಿ ನಮ್ಮ ಕಡೆಯ 3,800ಕ್ಕೂ ಹೆಚ್ಚು ಮಂದಿ ಸತ್ತರು. ನೀನು ಕಾಲೇಜಿನಿಂದ ದಿಲ್ಲಿಗೆ ಹೋದಾಗ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ತಾತನ ಹೆಸರಿನ ಕಲ್ಲು ಹುಡುಕಿ ಫೋಟೋ ಕಳಿಸಿದ್ದೆಯಲ್ಲ, ಅವ್ವ ಅದನ್ನು ತುಂಬಾ ಹೊತ್ತು ನೋಡಿ, “ಹೆಸರು ಸರಿ ಬರದಾರೇನು, ಓದು” ಎಂದಿದ್ದಳು. ಯಾಕೆ ಹಾಗೆ ಕೇಳಿದಳು ಎಂದು ನಿನಗೆ ಆಗ ತಿಳಿದಿರಲಿಲ್ಲ. ಮುಂದೆ ಓದಿದರೆ ತಿಳಿಯುತ್ತದೆ.

ಯುದ್ಧದಲ್ಲಿ ಮಡಿದವರ ಕುಟುಂಬಕ್ಕೆ ಹೆಚ್ಚಿನ ಪಿಂಚಣಿ ಕೊಡುವ ಆದೇಶ 1972ರ ಫೆಬ್ರವರಿಯಲ್ಲೇ ಹೊರಟಿತು. ಈಗ ನಿನ್ನ ಕೌಂಟರಿನಲ್ಲಿ ಮೂರು ಬಗೆ ಕಾಣುತ್ತೀಯಲ್ಲ: ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ಸಂಬಳದ ನೂರಕ್ಕೆ 30, ಸೇವೆಯ ಕಾರಣದಿಂದಲೇ ಸತ್ತರೆ ಕೊಡುವ ವಿಶೇಷ ಪಿಂಚಣಿ ನೂರಕ್ಕೆ 60, ರಣರಂಗದಲ್ಲಿ ಸತ್ತವರದಾದರೆ ಕೊನೆಯ ಸಂಬಳದಷ್ಟೂ. ಆ ಮೂರನೆಯದರ ಮೂಲ ಅದೇ 1972ರ ಆದೇಶ. ಅವ್ವನಂಥವರಿಗಾಗಿಯೇ ಹೊರಡಿಸಿದ್ದು. ಆದರೆ ಕಡತದಲ್ಲಿ ಅಪ್ಪ ಅವಿವಾಹಿತ. ಹಣ ಅಪ್ಪನ ತಂದೆಗೆ, ನನ್ನ ಅಜ್ಜನಿಗೆ, ಬಂತು.

ಅಜ್ಜನನ್ನು ಕೆಟ್ಟವನೆನ್ನಲು ನನಗೆ ಮನಸ್ಸು ಬರುವುದಿಲ್ಲ. ಅದು 1972ರ ಬರಗಾಲ. ಮೂರು ಎಕರೆ ಒಣಬೇಸಾಯ, ಸತ್ತ ಹಿರಿಮಗ, ಮನೆ ತುಂಬ ಉಣ್ಣುವ ಬಾಯಿ. ಸೊಸೆಗೂ ಕೂಸಿಗೂ ಅದರಲ್ಲೇ ಅನ್ನ ಹಾಕಲು ಅವನು ಸಿದ್ಧನಿದ್ದ, ಆದರೆ ಒಂದು ಷರತ್ತಿನ ಮೇಲೆ. ಅವ್ವ ಮೈದುನನ ಜೊತೆ ಉಡಿಕಿ, ಅಂದರೆ ಮರುಮದುವೆ, ಮಾಡಿಕೊಳ್ಳಬೇಕು. ಸೈನ್ಯದಲ್ಲಿದ್ದು ಬಂದ ಯಾರೋ ಅವನಿಗೆ ಹೇಳಿದ್ದರು, ವಿಧವೆ ಮರುಮದುವೆಯಾದರೆ ಪಿಂಚಣಿ ಹೋಗುತ್ತದೆ, ಸತ್ತವನ ತಮ್ಮನನ್ನೇ ಆದರೆ ಹೋಗುವುದಿಲ್ಲ ಎಂದು. ಅವರು ಹೇಳಿದ್ದು ನಿಜ, ಅಂಥದೊಂದು ನಿಯಮ ಇತ್ತು. ಮನೆಯ ಹಣ ಮನೆಯಲ್ಲೇ ಉಳಿಯಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಬರೆದಿರಬಹುದು. ಆದರೆ ಅದನ್ನು ಬರೆದವರು ಒಂದು ಹಳ್ಳಿಯ ಮನೆಯ ಪಡಸಾಲೆಯಲ್ಲಿ ಕೂತು, ಹದಿನೆಂಟು ವರ್ಷದ ಹೆಣ್ಣುಮಗಳ ಮುಂದೆ ಆ ನಿಯಮವನ್ನು ಹೇಗೆ ಆಡುತ್ತಾರೆಂದು ಕೇಳಿದ್ದರೆ ಬರೆಯುತ್ತಿದ್ದರೇ? ಶೌರ್ಯ ಪ್ರಶಸ್ತಿಯ ಭತ್ಯೆಗೆ ಇದ್ದ ಇಂಥದೇ ಷರತ್ತನ್ನು ತೆಗೆದು ಹಾಕಿದ್ದು 2017ರ ನವೆಂಬರಿನಲ್ಲಿ. ಪೇಪರಿನಲ್ಲಿ ಆ ಸುದ್ದಿ ಓದಿ ಅವ್ವನಿಗೆ ಹೇಳಿದೆ. “ಈಗೇನು” ಅಂದಳು, ಅಷ್ಟೇ.

ಮೈದುನನಿಗೆ ಆಗ ಹನ್ನೆರಡು ವರ್ಷ. ಅವನ ಮುಖ ತೊಳೆಸಿ, ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವಳೇ ಅವ್ವ. ಆಗುವುದಿಲ್ಲ ಅಂದಳು. ನನ್ನನ್ನು ಎತ್ತಿಕೊಂಡು ತವರಿಗೆ ಬಂದಳು.

ಆ ವರ್ಷ ಬರಗಾಲದ ಕಾಮಗಾರಿಯಲ್ಲಿ ಅವ್ವ ರಸ್ತೆಗೆ ಕಡಿ ಒಡೆದಳು. ಮುಂದೆ ಮಳೆ ಬಂದಮೇಲೂ ಕೂಲಿಯೇ: ಕಳೆ ಕೀಳುವುದು, ಕಬ್ಬು ಕಡಿಯುವುದು, ಇಟ್ಟಿಗೆ ಹೊರುವುದು. ನನ್ನ ಬಾಲ್ಯದ ನೆನಪೆಂದರೆ ಅವಳ ಅಂಗೈ. ನನ್ನ ಕೆನ್ನೆಗೆ ತಾಗಿದರೆ ಗೀರಿದಂತಾಗುತ್ತಿತ್ತು. ನಮ್ಮಪ್ಪ ಯುದ್ಧದಲ್ಲಿ ಸತ್ತ ಎಂದು ಆಗಸ್ಟ್ 15ಕ್ಕೆ ನನ್ನನ್ನು ಶಾಲೆಯ ಧ್ವಜದ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ಸಂಜೆ ಮನೆಗೆ ಬಂದರೆ ರೊಟ್ಟಿಗೆ ಹಚ್ಚಿಕೊಳ್ಳಲು ಖಾರದ ಪುಡಿ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ನನಗೆ ಹದಿಮೂರಾದಾಗ ಅಜ್ಜ ತೀರಿಕೊಂಡ. ಅವನ ಹೆಂಡತಿ ಅವನಿಗಿಂತ ಮೊದಲೇ ಹೋಗಿದ್ದಳು. ಪಿಂಚಣಿ ನಿಂತಿತು. ಊರಿನ ನಿವೃತ್ತ ಹವಾಲ್ದಾರರೊಬ್ಬರು ಮನೆಗೆ ಬಂದು, “ಇದು ನಿನಗ ಮೊದಲss ಬರಬೇಕಾಗಿತ್ತವಾ, ಅರ್ಜಿ ಹಾಕು” ಎಂದು ಫಾರ್ಮು ಕೊಟ್ಟು ಹೋದರು. ಮನೆಯಲ್ಲಿ ಓದುಬರಹ ಬಂದವಳು ನಾನೊಬ್ಬಳೇ. ದುಂಡಗಿನ ಅಕ್ಷರದಲ್ಲಿ ನಾನೇ ತುಂಬಿದೆ. ‘ವಿಧವೆಯ ಹೆಸರು’ ಎಂದಿದ್ದ ಕಡೆ ಊರಲ್ಲಿ ಎಲ್ಲರೂ ಅವಳನ್ನು ಕರೆಯುವ ಹೆಸರು ಬರೆದೆ. ಅದು ತವರಿನ ಹೆಸರು. ಲಗ್ನದಲ್ಲಿ ಅಕ್ಕಿಯ ಮೇಲೆ ಬರೆದು ಅವಳಿಗೆ ಇಟ್ಟ ಗಂಡನ ಮನೆಯ ಹೆಸರು ಬೇರೆಯೇ ಇತ್ತು. ಅದು ನನಗೆ ಗೊತ್ತಿರಲಿಲ್ಲ. ನಾನು ಕೇಳಲಿಲ್ಲ. ಅವ್ವನಿಗೆ ಓದಿ ಹೇಳಲೂ ಇಲ್ಲ. ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದಳು.

ಇದನ್ನೇ ನಾನು ನಿನಗೆ ಈವರೆಗೆ ಹೇಳಿರಲಿಲ್ಲ.

ಗಂಡನ ಊರಿನ ಪಂಚಾಯಿತಿ ಬರೆದುಕೊಟ್ಟ ದಾಖಲೆಯಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು, ಸೈನ್ಯದ ಕಡತದಲ್ಲಿ ಹೆಂಡತಿಯೇ ಇಲ್ಲ. ಹದಿನಾಲ್ಕು ತಿಂಗಳ ನಂತರ ಅರ್ಜಿ ವಾಪಸು ಬಂತು. ನನ್ನನ್ನು ಕರೆದುಕೊಂಡು ಅವ್ವ ಒಂದು ಕಚೇರಿಗೆ ಹೋದಳು, ಯಾವುದೆಂದು ಬರೆಯುವುದಿಲ್ಲ. ಬೆಳಗಿನ ಐದರ ಬಸ್ಸಿಗೆ ಹೊರಟು, ಮಧ್ಯಾಹ್ನ ಎರಡರವರೆಗೆ ನಿಂತಿದ್ದೆವು. ಮೇಜಿನ ಹಿಂದಿದ್ದವನು ಕಾಗದಗಳನ್ನು ತಿರುವಿ, “ಈ ಹೆಸರಿನ ಹೆಂಡತಿ ಇವಗ ಇಲ್ಲ. ಎಷ್ಟ ಮಂದಿ ಹಿಂಗ ಬರತಾರ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಊಟದ ಹೊತ್ತಾಗಿತ್ತು, ಅಷ್ಟೇ. ಹೊರಗೆ ಬಂದಮೇಲೆ ಅವ್ವ ನನ್ನನ್ನು ಕೇಳಿದಳು, “ಹಿಂಗ ಅಂದ್ರ ಹೆಂಗ?” ನನಗೆ ಅರ್ಥವಾಗಿತ್ತು. ಹದಿನೈದು ವರ್ಷದವಳು ನಾನು, ತಪ್ಪು ನನ್ನದೆಂದು ಹೇಳುವ ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅದಾದ ಎರಡು ವರ್ಷ ಅವಳು ಅರ್ಜಿಯ ಮಾತನ್ನೇ ಎತ್ತಲಿಲ್ಲ. ಮತ್ತೆ ಎತ್ತಲಿಲ್ಲ ಎಂದು ನನಗೆ ಒಳಗೊಳಗೆ ಸಮಾಧಾನವಾಗುತ್ತಿತ್ತು ಎಂಬುದನ್ನೂ ಬರೆದುಬಿಡುತ್ತೇನೆ.

ಕೊನೆಗೆ ಅದೇ ಹವಾಲ್ದಾರರು ಗೋಕಾಕದ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ಈಕೆ ಕಾನೂನುಬದ್ಧ ಹೆಂಡತಿ ಎಂದು ಕೋರ್ಟಿನಿಂದ ಘೋಷಣೆ ತರಬೇಕಿತ್ತು. ವಯಸ್ಸಾದ ವಕೀಲರು, ಕೋಟಿನ ತೋಳು ಸವೆದಿತ್ತು. ಅವರು ಅವ್ವನಿಗೆ ಪುರಾವೆ ಏನಿದೆ ಎಂದು ಕೇಳಲಿಲ್ಲ. “ಮನ್ಯಾಗ ಏನೇನ್ ಕಾಗದ ಅದಾವ ಎಲ್ಲಾ ತಗೊಂಡ ಬಾ. ಕೆಲಸಕ್ಕ ಬರೂದಿಲ್ಲ ಅಂತ ನೀ ತಿಳಕೊಂಡಿದ್ದೂ ತಗೊಂಡ ಬಾ” ಅಂದರು.

ಆಗ ಅವ್ವ ಟ್ರಂಕಿನ ತಳದಿಂದ, ಲಗ್ನದ ಸೀರೆಯ ಮಡಿಕೆಯೊಳಗಿಂದ, ಆರು ಚೀಟಿ ತೆಗೆದಳು. ಬಾಣಂತನಕ್ಕೆ ತವರಿಗೆ ಬಂದಮೇಲೆ ಅಪ್ಪ ನೇರವಾಗಿ ಅವಳಿಗೇ ಕಳಿಸಿದ ಮನಿಆರ್ಡರುಗಳ ಕೂಪನ್ನುಗಳು. ಹಣ ಪಡೆದವರ ಕೈಯಲ್ಲಿ ಉಳಿಯುವ ಅಂಗೈಯಗಲದ ತುಂಡು. ನಾನು ಅವನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಅದು ಗಂಡ ಹೆಂಡಿರ ನಡುವಿನ ಮಾತು ಎಂದು ಅವಳು ಯಾರಿಗೂ ತೋರಿಸಿರಲಿಲ್ಲ. ಒಂದೊಂದರ ಮೇಲೂ ಅಪ್ಪನ ಸೈನ್ಯದ ನಂಬರು, ಹೆಸರು, 99 ಎಪಿಒ ಎಂಬ ಸೈನ್ಯದ ಅಂಚೆ ವಿಳಾಸ. ಯಾರಿಗೆ ಎಂಬಲ್ಲಿ ‘ಚಿ. ಸೌ.’ ಎಂದು ಬರೆದು ಅವಳ ಗಂಡನ ಮನೆಯ ಹೆಸರು, ಅದರ ಕೆಳಗೆ ‘ಮಾರ್ಫತ್’ ಎಂದು ತವರಿನ ಅಪ್ಪನ ಹೆಸರು. ಎರಡು ಹೆಸರಿನ ಎರಡು ಹೆಂಗಸರಲ್ಲ, ಒಬ್ಬಳೇ ಎಂದು ತೋರಿಸಲು ಅಷ್ಟು ಸಾಕಾಗಿತ್ತು. ನವೆಂಬರಿನ ಕೊನೆಯ ಚೀಟಿಯಲ್ಲಿ ಅಪ್ಪ ಬರೆದಿದ್ದ: “ಕೂಸಿಗೆ ಕುಂಚಿಗಿ ಹೊಲಿಸು. ಥಂಡಿ ಹತ್ತೀತು.” ನನಗಾಗಿ ಅವನು ಬರೆದ ಮಾತು ಅದೊಂದೇ. ವಕೀಲರು ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮುನ್ಸೀಫ್ ಕೋರ್ಟಿನಲ್ಲಿ ಅವ್ವನ ಪರವಾಗಿ ಸಾಕ್ಷಿ ಹೇಳಲು ಬಂದವನು ಯಾರು ಗೊತ್ತೇ? ಆ ಮೈದುನ. ಆಗ ಅವನಿಗೆ ಇಪ್ಪತ್ತೆಂಟಿರಬೇಕು, ಅವನದೇ ಸಂಸಾರವಾಗಿತ್ತು. ಯಾರೂ ಒತ್ತಾಯಿಸಿರಲಿಲ್ಲ. ಆ ಪಿಂಚಣಿಯಲ್ಲೇ ತಾನು ಉಂಡು ಬೆಳೆದವನೆಂದು ಅವನಿಗೆ ಗೊತ್ತಿತ್ತು. ಕಟಕಟೆಯಲ್ಲಿ ನಿಂತು, “ಈಕಿ ನಮ್ಮ ವೈನಿ. ಅಣ್ಣನ ಲಗ್ನದಾಗ ನಾನು ಅಕ್ಕಿಕಾಳು ಹಾಕೇನಿ. ನನ್ನ ಮಾರಿ ತೊಳದ ಸಾಲಿಗೆ ಕಳಿಸ್ಯಾಳ” ಎಂದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇವತ್ತಿಗೂ ದೀಪಾವಳಿಗೆ ಅವನ ಮನೆಯಿಂದ ಅವಳಿಗೆ ಸೀರೆ ಬರುವುದು ಯಾಕೆಂದು ನೀನು ಸಣ್ಣವಳಿದ್ದಾಗ ಕೇಳುತ್ತಿದ್ದೆ.

ಅಲಹಾಬಾದಿನ ಸೈನ್ಯದ ಪಿಂಚಣಿ ಕಚೇರಿಯಿಂದ ಪಾವತಿ ಆದೇಶ ಬಂದಾಗ ನಾನು ಬಿ.ಎ. ಎರಡನೇ ವರ್ಷ. ಬಾಕಿಯ ಹಣದಲ್ಲಿ ಅವ್ವ ಮೊದಲು ಅಂಗಡಿಯ ಸಾಲ ತೀರಿಸಿದಳು, ಆಮೇಲೆ ಒಂದು ಎಮ್ಮೆ ತಂದಳು. ನನ್ನ ಓದಿನ ಉಳಿದ ಖರ್ಚೆಲ್ಲ ಅದರಲ್ಲೇ ನಡೆಯಿತು. ಊರವರು ‘ಸರ್ಕಾರ ಪುಣ್ಯ ಕಟ್ಟಿಕೊಂಡಿತು’ ಎಂದರೆ ಅವಳಿಗೆ ಸೇರುತ್ತಿರಲಿಲ್ಲ. “ಪುಣ್ಯ ಯಾಕ? ಅಂವ ದುಡದದ್ದು” ಅನ್ನುತ್ತಿದ್ದಳು.

ಕೆಲವು ವರ್ಷದ ಹಿಂದೆ, ಪಿಂಚಣಿಯವರು ಬದುಕಿದ್ದಾರೆಂದು ಪ್ರತಿ ನವೆಂಬರಿನಲ್ಲಿ ಕೊಡುವ ಜೀವಂತ ಪ್ರಮಾಣಪತ್ರಕ್ಕೆ ಬೆರಳಚ್ಚಿನ ಯಂತ್ರ ಬಂತಲ್ಲ, ಅದರ ಮುಂದೆ ಅವ್ವ ಹತ್ತು ಬೆರಳನ್ನೂ ಒತ್ತಿದಳು. ಒಂದೂ ಹಿಡಿಯಲಿಲ್ಲ. ಕಡಿ ಒಡೆದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? 1971ರಲ್ಲಿ ಮನಿಆರ್ಡರ್ ಪಡೆಯಲು ಸಾಕಾಗಿದ್ದ ಹೆಬ್ಬೆಟ್ಟು ಈಗ ಅವಳದೇ ಎಂದು ನಂಬಿಸಲು ಆಗಲಿಲ್ಲ. 2021ರ ಕೊನೆಯಲ್ಲಿ ಮುಖ ತೋರಿಸಿ ದೃಢಪಡಿಸುವ ವ್ಯವಸ್ಥೆ ಬಂದಮೇಲೆ ಸಲೀಸಾಯಿತು. ನಿನ್ನ ಕೌಂಟರಿಗೆ ಬರುವ ಎಷ್ಟೋ ಹೆಂಗಸರಿಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ. ಎರಡು ಸಲ ಬೆರಳು ಹಿಡಿಯದಿದ್ದರೆ ನೀನಾಗಿಯೇ ಹೇಳು. ಸೈನ್ಯದ ಪಿಂಚಣಿಯ ‘ಸ್ಪರ್ಶ್’ ಪೋರ್ಟಲ್ಲಿನಲ್ಲಿ ಹೆಸರಿನ ಒಂದಕ್ಷರ ಆಧಾರಿನದಕ್ಕೆ ಹೊಂದದೆ ಬಂದವರಿಗೆ ಯಾವ ಅಕ್ಷರ, ಯಾವ ಕಾಗದದಲ್ಲಿ ಎಂದು ತೋರಿಸಿ ಚೀಟಿಯಲ್ಲಿ ಬರೆದುಕೊಡು. ‘ಸರಿ ಮಾಡಿಸ್ಕೊಂಡು ಬನ್ನಿ’ ಎಂದಷ್ಟೇ ಹೇಳಿ ಕಳಿಸಬೇಡ. ನಿನ್ನ ಪಟ್ಟಿಯಲ್ಲಿರುವ ಕಾಗದ ಇಲ್ಲವೆಂದು ಯಾರಾದರೂ ನಿಂತರೆ ಆ ವಕೀಲರು ಕೇಳಿದ ಮಾತನ್ನೇ ಕೇಳು. ಅವರ ಜೊತೆ ಫಾರ್ಮು ತುಂಬಲು ಬಂದ ಹುಡುಗಿ ಇದ್ದರೆ, ಅವಳು ಬರೆದದ್ದನ್ನು ಜೋರಾಗಿ ಒಮ್ಮೆ ಓದಿಸು. ಅಜ್ಜಿಗೆ ಕೇಳುವ ಹಾಗೆ.

ಫಾರ್ಮಿನ ವಿಷಯವನ್ನು ಅವ್ವನಿಗೆ ಹೇಳಿದ್ದು ನಿನ್ನೆ ರಾತ್ರಿ. ನಿನಗೆ ಬರೆಯುವ ಮೊದಲು ಅವಳಿಗೆ ಹೇಳಬೇಕಿತ್ತು. ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ನನಗ ಅವತ್ತss ಗೊತ್ತಿತ್ತು, ಬಸ್ಸಿನ್ಯಾಗ ನೀ ಅಳಾಕತ್ತಿದ್ದಿ” ಎಂದಳು.

ಕೂಪನ್ನುಗಳ ಝೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಅಸಲು ಟ್ರಂಕಿನಲ್ಲೇ ಇರಲಿ ಎಂದಳು. ಈ ಸಲದ ಜೀವಂತ ಪ್ರಮಾಣಪತ್ರವನ್ನು ನಿನ್ನ ಕೌಂಟರಿಗೇ ಬಂದು ಕೊಡುತ್ತಾಳಂತೆ. ನವೆಂಬರಿನ ಎರಡನೇ ವಾರ ಇಬ್ಬರೂ ಬರುತ್ತೇವೆ. ಮೊಮ್ಮಗಳೆಂದು ಮೊದಲೇ ಕರೆಯಬಾರದಂತೆ, ಪಾಳಿ ಬಂದಾಗಲೇ ಬರುತ್ತಾಳಂತೆ. ಹೊರಗೆ ಕೂರಲು ಬೆಂಚು ಇದೆಯೋ ಇಲ್ಲವೋ ತಿಳಿಸು ಎಂದು ಎರಡು ಸಲ ಹೇಳಿದ್ದಾಳೆ. ನೋಡಿ ಬರಿ.

ನಿನ್ನ ಅಮ್ಮ