ಪೆಸಿಫಿಕ್ ಗೇಮ್ಸ್‌ಗೂ ಕ್ರೀಡಾ ಪುಟದಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ ವೇಟ್‌ಲಿಫ್ಟಿಂಗ್ 61 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಒಟ್ಟು 269 ಕೆ.ಜಿ. ಎತ್ತಿದ್ದರು. ಕನ್ನಡ ಪತ್ರಿಕೆಗಳು ಅದನ್ನು ದೊಡ್ಡದಾಗಿಯೇ ಬರೆದವು, ಬರೆಯಲೇಬೇಕಿತ್ತು. ಚಿನ್ನ ಮಲೇಷ್ಯಾದ ಅಜ್ನಿಲ್ ಬಿದಿನ್ ಅವರಿಗೆ ಹೋಯಿತು. ಬೆಳ್ಳಿ ಗೆದ್ದವರು 273 ಕೆ.ಜಿ. ಎತ್ತಿದ ಮೊರಿಯಾ ಬಾರು, ಪಪುವಾ ನ್ಯೂಗಿನಿಯವರು. ನಮ್ಮ ಹುಡುಗನಿಗಿಂತ ನಾಲ್ಕೇ ಕೆ.ಜಿ. ಜಾಸ್ತಿ ಎತ್ತಿದ ಈ ಮನುಷ್ಯ ಯಾರು, ಎಲ್ಲಿ ಬೆಳೆದು ಬಂದವರು ಅಂತ ಹುಡುಕಿದರೆ ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ಬಾರು ಅದಕ್ಕೂ ನಾಲ್ಕು ವರ್ಷ ಮೊದಲು ಕಾಮನ್‌ವೆಲ್ತ್ ಗೇಮ್ಸ್ ನಡೆದ ಗೋಲ್ಡ್ ಕೋಸ್ಟ್‌ನಲ್ಲೂ ಬೆಳ್ಳಿ ಗೆದ್ದಿದ್ದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆರನೆಯವರಾಗಿದ್ದರು. ಅವರಂಥವರು ಬೆಳೆಯುವ ಜಾಗವೇ ಪೆಸಿಫಿಕ್ ಗೇಮ್ಸ್, ಅಂದರೆ ಪೆಸಿಫಿಕ್ ಸಾಗರದ ದ್ವೀಪ ದೇಶ, ಪ್ರಾಂತ್ಯಗಳು ನಾಲ್ಕು ವರ್ಷಕ್ಕೊಮ್ಮೆ ಸೇರಿ ಆಡುವ ಕೂಟ.

ನಾನು ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಈ ಕ್ರೀಡಾಕೂಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಬೇಜಾರಾಗುವುದು ಒಂದೇ ವಿಷಯಕ್ಕೆ. ಅಲ್ಲಿಂದ ನಮ್ಮ ತನಕ ಬರುವ ಸುದ್ದಿ ಎರಡೇ ಥರದ್ದು. ಒಂದು, ಯಾರೋ ಹೀನಾಯವಾಗಿ ಸೋತರು ಅನ್ನುವ ನಗೆಪಾಟಲಿನ ಸುದ್ದಿ. ಇನ್ನೊಂದು, ಚೀನಾ ಅಲ್ಲಿ ಏನು ಕಟ್ಟಿಕೊಟ್ಟಿತು, ಅದಕ್ಕೆ ಆಸ್ಟ್ರೇಲಿಯಾ, ಅಮೆರಿಕ ಏನಂದವು ಅನ್ನುವ ಸುದ್ದಿ. ಆಡಿದವರು, ಗೆದ್ದವರು ಈ ಎರಡರಲ್ಲೂ ಇಲ್ಲ.

ಮೊದಲನೆಯದನ್ನೇ ನೋಡಿ. 2015ರಲ್ಲಿ ಪಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೋರ್ಸ್‌ಬಿಯಲ್ಲಿ ಗೇಮ್ಸ್ ನಡೆದಾಗ ಮೈಕ್ರೊನೇಷ್ಯಾದ 23 ವರ್ಷದೊಳಗಿನ ಫುಟ್‌ಬಾಲ್ ತಂಡ ತಾಹಿತಿ ಎದುರು 30–0, ಫಿಜಿ ಎದುರು 38–0, ವನುವಾಟು ಎದುರು 46–0 ಅಂತರದಲ್ಲಿ ಸೋತಿತು. ಮೂರು ಪಂದ್ಯಕ್ಕೆ 114 ಗೋಲು. ಈ ಅಂಕಿ ಇಡೀ ಪ್ರಪಂಚ ಸುತ್ತಿತು. ಆದರೆ ಮೈಕ್ರೊನೇಷ್ಯಾ ಅಂದರೆ ಸಾಗರದಲ್ಲಿ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಹರಡಿಕೊಂಡ ಆರುನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳು. ಯಾಪ್, ಚೂಕ್, ಪೊನ್‌ಪೇ, ಕೊಸ್ರೇ ಅಂತ ನಾಲ್ಕು ರಾಜ್ಯ. ಒಂದು ರಾಜ್ಯದ ಹುಡುಗರು ಇನ್ನೊಂದು ರಾಜ್ಯದವರ ಜೊತೆ ಅಭ್ಯಾಸ ಮಾಡಬೇಕೆಂದರೂ ವಿಮಾನ ಹತ್ತಬೇಕು. ಅವರಿಗೆ ಫಿಫಾ ಸದಸ್ಯತ್ವ ಇರಲಿಲ್ಲ, ಅಂದಮೇಲೆ ಅಲ್ಲಿಂದ ಬರುವ ದುಡ್ಡೂ ಇಲ್ಲ. ಮೊದಲ ಪಂದ್ಯದಲ್ಲಿ ಮೂವತ್ತು ಗೋಲು ಹೊಡೆಸಿಕೊಂಡ ಹುಡುಗರು ಎರಡನೇ ಪಂದ್ಯಕ್ಕೆ ಬಂದರು, ಮೂರನೆಯದಕ್ಕೂ ಬಂದರು. ಮೇಷ್ಟ್ರಾಗಿ ನನಗೆ ಗೊತ್ತು, ಹಾಗೆ ಸೋತ ಮಕ್ಕಳನ್ನು ಮಾರನೇ ದಿನ ಮತ್ತೆ ಮೈದಾನಕ್ಕೆ ಇಳಿಸುವುದು ಎಷ್ಟು ಕಷ್ಟ ಅಂತ. ಬರೆಯಬೇಕಾದ ಸುದ್ದಿ ಅದಾಗಿತ್ತು.

ಶ್ಯಾರನ್ ಫಿರಿಸುವಾ ಅವರದ್ದು ಇನ್ನೂ ನೋವಿನ ಉದಾಹರಣೆ. ಸೊಲೊಮನ್ ದ್ವೀಪದ ಈ ಓಟಗಾರ್ತಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಿ 14.31 ಸೆಕೆಂಡ್ ತೆಗೆದುಕೊಂಡರು. ಇಂಥವರು ಒಲಿಂಪಿಕ್ಸ್‌ಗೆ ಹೇಗೆ ಬಂದರು ಅಂತ ಎಲ್ಲ ಕಡೆ ಗೇಲಿ ಮಾಡಿದರು. ನಿಜ ಏನೆಂದರೆ ಅವರು 100 ಮೀಟರ್ ಓಡುವವರೇ ಅಲ್ಲ. ರಿಯೊದಲ್ಲಿ 5,000 ಮೀಟರ್, ಟೋಕಿಯೊದಲ್ಲಿ ಮ್ಯಾರಥಾನ್ ಓಡಿದವರು. ಅರ್ಹತಾ ಸಮಯ ಮುಟ್ಟಿದ ಅಥ್ಲೀಟ್ ಇಲ್ಲದ ಸಣ್ಣ ದೇಶಗಳಿಗೂ ಒಂದು ಜಾಗ ಇರಲಿ ಅಂತ ಒಲಿಂಪಿಕ್ಸ್‌ನಲ್ಲಿ ಒಂದು ನಿಯಮ ಇದೆ. ಆ ನಿಯಮದಲ್ಲಿ ಅವರಿಗೆ ಸಿಕ್ಕಿದ್ದು 100 ಮೀಟರ್ ಓಟ. ಇದೇ ಫಿರಿಸುವಾ ಪೆಸಿಫಿಕ್ ಗೇಮ್ಸ್‌ನ ದೂರದ ಓಟಗಳಲ್ಲಿ ಚಿನ್ನ ಗೆದ್ದವರು. ಅಲ್ಲಿ ಅವರನ್ನು ನೋಡಿದವರು ಯಾರೂ ನಗುವುದಿಲ್ಲ. ಒಬ್ಬ ಕ್ರೀಡಾಪಟು ತನಗೆ ಬರುವ ಆಟವನ್ನು, ತನ್ನಷ್ಟೇ ಅನುಕೂಲ ಇರುವವರ ಜೊತೆ ಆಡುವಾಗಲೂ ನಾವು ಅವರನ್ನು ನೋಡಬೇಕಲ್ವಾ? ಪ್ಯಾರಿಸ್‌ನ ಆ ಹದಿನಾಲ್ಕು ಸೆಕೆಂಡ್ ನೋಡಿ ತೀರ್ಪು ಕೊಟ್ಟುಬಿಟ್ಟರೆ ಅದು ಅನ್ಯಾಯ.

ಇನ್ನು ಎರಡನೇ ಥರದ ಸುದ್ದಿ. 2023ರ ನವೆಂಬರ್, ಡಿಸೆಂಬರ್‌ನಲ್ಲಿ ಸೊಲೊಮನ್ ದ್ವೀಪಗಳ ರಾಜಧಾನಿ ಹೊನಿಯಾರಾದಲ್ಲಿ ಗೇಮ್ಸ್ ನಡೆಯಿತು. ಸುಮಾರು ಹತ್ತು ಸಾವಿರ ಜನ ಕೂರುವ ಹೊಸ ಸ್ಟೇಡಿಯಂ ಅನ್ನು ಚೀನಾ ತನ್ನ ದುಡ್ಡಲ್ಲಿ ಕಟ್ಟಿಕೊಟ್ಟಿತು. ಅದಕ್ಕೂ ಮೊದಲು 2019ರಲ್ಲಿ ಸೊಲೊಮನ್ ಸರ್ಕಾರ ತೈವಾನ್ ಸಂಬಂಧ ಕಡಿದುಕೊಂಡು ಬೀಜಿಂಗ್ ಕಡೆ ವಾಲಿತ್ತು, 2022ರಲ್ಲಿ ಚೀನಾ ಜೊತೆ ಭದ್ರತಾ ಒಪ್ಪಂದ ಮಾಡಿಕೊಂಡಿತ್ತು. ಪ್ರಧಾನಿ ಮನಸ್ಸೆ ಸೊಗವಾರೆ ಗೇಮ್ಸ್ ಕಾರಣ ಕೊಟ್ಟು ಚುನಾವಣೆಯನ್ನೇ 2024ಕ್ಕೆ ಮುಂದೂಡಿದರು. ಇದೆಲ್ಲ ಸುದ್ದಿಯೇ, ಇಲ್ಲ ಅನ್ನುವುದಿಲ್ಲ. ಕ್ರೀಡಾಕೂಟದ ಹೆಸರಲ್ಲಿ ಜನರ ಮತದಾನ ಮುಂದಕ್ಕೆ ಹೋಗುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಇಪ್ಪತ್ತಕ್ಕೂ ಹೆಚ್ಚು ದೇಶ, ಪ್ರಾಂತ್ಯಗಳ ಸಾವಿರಾರು ಹುಡುಗ ಹುಡುಗಿಯರು ಎರಡು ವಾರ ಆಡಿದ ಕೂಟದಿಂದ ಸ್ಟೇಡಿಯಂ ಯಾರದ್ದು ಅನ್ನುವುದೊಂದೇ ನಮಗೆ ಮುಟ್ಟಿದರೆ, ಆ ದ್ವೀಪಗಳನ್ನು ದೊಡ್ಡ ದೇಶಗಳ ಜಗ್ಗಾಟದ ಜಾಗ ಅಂತ ಮಾತ್ರ ನಾವೂ ನೋಡಿದ ಹಾಗಾಯಿತು.

ಈ ಕೂಟ ಶುರುವಾದ ಕಥೆಯೇ ಬೇರೆ. 1959ರಲ್ಲಿ ನ್ಯೂಗಿನಿಯ ರಬೌಲ್ ಎಂಬಲ್ಲಿ ಸೌತ್ ಪೆಸಿಫಿಕ್ ಕಮಿಷನ್ ಸಭೆ ನಡೆಯಿತು. ಆ ಕಮಿಷನ್ ಮಾಡಿಕೊಂಡಿದ್ದು ಆ ದ್ವೀಪಗಳನ್ನು ಆಳುತ್ತಿದ್ದ ದೇಶಗಳು. ಆ ಸಭೆಯಲ್ಲಿ ಫಿಜಿಯ ಪ್ರತಿನಿಧಿಯಾಗಿದ್ದ ಡಾಕ್ಟರ್ ಎ.ಎಚ್. ಸಾಹು ಖಾನ್, ದ್ವೀಪಗಳ ಜನ ಒಟ್ಟಿಗೆ ಸೇರಿ ಆಡುವ ಕೂಟ ಬೇಕು ಅಂತ ವಿಷಯ ಎತ್ತಿದರು. ಅವರು ಭಾರತೀಯ ಮೂಲದವರು. ನಮ್ಮಲ್ಲಿ ಎಷ್ಟು ಜನಕ್ಕೆ ಈ ವಿಷಯ ಗೊತ್ತು? ನಾಲ್ಕು ವರ್ಷದ ನಂತರ, 1963ರಲ್ಲಿ, ಫಿಜಿಯ ಸುವಾದಲ್ಲಿ 13 ತಂಡಗಳೊಂದಿಗೆ ಮೊದಲ ಸೌತ್ ಪೆಸಿಫಿಕ್ ಗೇಮ್ಸ್ ನಡೆದೇಬಿಟ್ಟಿತು.

ಆಗ ಪೂರ್ತಿ ಸ್ವತಂತ್ರವಾಗಿದ್ದ ದ್ವೀಪ ದೇಶ ಅಂದರೆ ಹಿಂದಿನ ವರ್ಷವಷ್ಟೇ ಬಿಡುಗಡೆಯಾದ ಪಶ್ಚಿಮ ಸಮೋವಾ ಒಂದೇ. ಟೊಂಗಾಕ್ಕೆ ರಾಜ ಮನೆತನ ಇದ್ದರೂ ಬ್ರಿಟಿಷರ ರಕ್ಷಣೆಯಲ್ಲಿತ್ತು. ಉಳಿದವೆಲ್ಲ ಬ್ರಿಟನ್, ಫ್ರಾನ್ಸ್, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕೈಯಲ್ಲಿದ್ದವು. ಈಗ ವನುವಾಟು ಅನ್ನುವ ಜಾಗವನ್ನಂತೂ ಬ್ರಿಟಿಷರು, ಫ್ರೆಂಚರು ಜಂಟಿಯಾಗಿ ಆಳುತ್ತಿದ್ದರು. ನೌರು ಬಿಡುಗಡೆಯಾಗಿದ್ದು 1968ರಲ್ಲಿ, ಫಿಜಿ 1970ರಲ್ಲಿ, ಪಪುವಾ ನ್ಯೂಗಿನಿ 1975ರಲ್ಲಿ, ಸೊಲೊಮನ್ ಮತ್ತು ತುವಾಲು 1978ರಲ್ಲಿ, ವನುವಾಟು 1980ರಲ್ಲಿ. ಅಂದರೆ ಈ ಜನ ದೇಶವಾಗುವುದಕ್ಕೆ ಮೊದಲೇ ತಂಡವಾದರು. ತಮ್ಮ ಪಕ್ಕದ ದ್ವೀಪದವರನ್ನು ಆಳುವವರ ಮೂಲಕ ಅಲ್ಲದೆ ನೇರವಾಗಿ ಭೇಟಿಯಾದರು. ಇದನ್ನು ಓದಿದಾಗ ನನಗೆ ಮೈ ಜುಂ ಅಂದಿತು.

ಇವತ್ತಿಗೂ ಅದರ ಬೆಲೆ ಕಡಿಮೆಯಾಗಿಲ್ಲ. ಪೆಸಿಫಿಕ್ ಗೇಮ್ಸ್‌ನಲ್ಲಿ ಅತಿ ಹೆಚ್ಚು ಪದಕ ಗೆದ್ದಿರುವುದು ನ್ಯೂ ಕ್ಯಾಲೆಡೋನಿಯಾ. ಆದರೆ ಒಲಿಂಪಿಕ್ಸ್‌ನಲ್ಲಿ ಆ ಹೆಸರು ನಿಮಗೆ ಕಾಣಿಸುವುದೇ ಇಲ್ಲ. ಅದು ಈಗಲೂ ಫ್ರಾನ್ಸ್‌ಗೆ ಸೇರಿದ್ದು, ತನ್ನದೇ ಒಲಿಂಪಿಕ್ ಸಮಿತಿ ಇಲ್ಲ. ಅಲ್ಲಿನ ಈಜುಗಾರ್ತಿ ಲಾರಾ ಗ್ರಾಂಜಿಯೋ ಪೆಸಿಫಿಕ್ ಗೇಮ್ಸ್‌ನಲ್ಲಿ ತನ್ನ ದ್ವೀಪಕ್ಕೆ ರಾಶಿ ಚಿನ್ನ ತಂದವರು, ಒಲಿಂಪಿಕ್ಸ್‌ಗೆ ಹೋಗುವಾಗ ಫ್ರಾನ್ಸ್ ತಂಡದ ಟೋಪಿ ಹಾಕಿಕೊಳ್ಳಬೇಕಾಯಿತು. ತಾಹಿತಿ, ವಾಲಿಸ್ ಮತ್ತು ಫುಟುನಾ, ಉತ್ತರ ಮರಿಯಾನಾ, ಟೊಕೆಲಾವ್, ನಿಯುವೆ ಇವೆಲ್ಲದರ ಪಾಡೂ ಹೀಗೇ. ಇವರೆಲ್ಲ ತಮ್ಮ ಹೆಸರಲ್ಲಿ, ತಮ್ಮ ಬಾವುಟ ಹಿಡಿದು ನಡೆಯುವ ದೊಡ್ಡ ಕೂಟ ಇದು. ಹಾಗಾಗಿ ಇಲ್ಲಿನ ಪದಕ ಒಲಿಂಪಿಕ್ಸ್ ಪದಕಕ್ಕಿಂತ ಸಣ್ಣದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮ ಹೋಬಳಿ ಮಟ್ಟದ ಕ್ರೀಡಾಕೂಟ ಇದ್ದ ಹಾಗೆ ಇದು. ರಾಜ್ಯ ಮಟ್ಟಕ್ಕೆ ಹೋಗುವ ಮಗು ಒಂದೋ ಎರಡೋ, ಆದರೆ ಊರಿನ ಎಲ್ಲ ಮಕ್ಕಳೂ ಓಡುವುದು ಹೋಬಳಿಯಲ್ಲಿ. ಅದನ್ನು ಕಿತ್ತುಹಾಕಿದರೆ ಮೇಲೆ ಹೋಗುವ ಆ ಒಂದು ಮಗುವೂ ಸಿಗುವುದಿಲ್ಲ.

ಇಲ್ಲೂ ಎಲ್ಲರೂ ಸಮಾನರಲ್ಲ ಅನ್ನುವುದು ನಿಜ. ಪಪುವಾ ನ್ಯೂಗಿನಿಯಲ್ಲಿ ಕೋಟಿ ಲೆಕ್ಕದ ಜನ, ತುವಾಲುವಿನಲ್ಲಿ ಸುಮಾರು 11 ಸಾವಿರ. ನೌರು ಇಡೀ ದೇಶವೇ 21 ಚದರ ಕಿ.ಮೀ. ಮೇಲೆ ಹೇಳಿದ 46–0 ಕೂಡ ಇದೇ ಕೂಟದ ಒಳಗೇ ಆಗಿದ್ದು. ಅದಕ್ಕೆ ಅವರೇ ಒಂದು ದಾರಿ ಕಂಡುಕೊಂಡಿದ್ದಾರೆ. 1981ರಲ್ಲಿ ಹೊನಿಯಾರಾದಿಂದ ಶುರುಮಾಡಿ ಎರಡು ಗೇಮ್ಸ್ ನಡುವೆ ಮಿನಿ ಗೇಮ್ಸ್ ನಡೆಸುತ್ತಾರೆ. ಅದರಲ್ಲಿ ಕ್ರೀಡೆಗಳು ಕಡಿಮೆ, ಖರ್ಚೂ ಕಡಿಮೆ. ದೊಡ್ಡ ಕೂಟ ನಡೆಸಲಾಗದ ಸಣ್ಣ ದ್ವೀಪವೂ ಎಲ್ಲರನ್ನೂ ಕರೆದು ಊಟ ಹಾಕಬಹುದು. 2025ರಲ್ಲಿ ಹದಿನೆಂಟು ಸಾವಿರ ಚಿಲ್ಲರೆ ಜನ ಇರುವ ಪಲಾವು ಅದನ್ನು ನಡೆಸಿತು. 2013ರಲ್ಲಿ ವಾಲಿಸ್ ಮತ್ತು ಫುಟುನಾದಲ್ಲಿ ನಡೆದ ಮಿನಿ ಗೇಮ್ಸ್‌ನಲ್ಲಿ ತುವಾಲುವಿನ ಟುವಾವ್ ಲಪುವಾ ಲಪುವಾ 62 ಕೆ.ಜಿ. ವಿಭಾಗದಲ್ಲಿ, ಬಾರನ್ನು ಒಂದೇ ಎಳೆತಕ್ಕೆ ತಲೆ ಮೇಲೆ ಎತ್ತುವ ಸ್ನ್ಯಾಚ್‌ನಲ್ಲಿ ಚಿನ್ನ ಗೆದ್ದರು. ಅಂತರರಾಷ್ಟ್ರೀಯ ಕೂಟದಲ್ಲಿ ಅವರ ದೇಶಕ್ಕೆ ಅದೇ ಮೊದಲ ಚಿನ್ನ. ಸಂಜೆ ಹೊತ್ತು ವಿಮಾನ ಇಲ್ಲದಾಗ ರನ್‌ವೇ ಮೇಲೆ ಹುಡುಗರು ಚೆಂಡಾಡುವ ದೇಶ ಅದು, ಬೇರೆ ಬಯಲು ಜಾಗ ಅಷ್ಟು ಕಡಿಮೆ.

ವೇಟ್‌ಲಿಫ್ಟಿಂಗ್ ಮಾತು ಬಂತಲ್ಲ, ಇನ್ನೊಬ್ಬರ ಹೆಸರು ಹೇಳಲೇಬೇಕು. ಪಪುವಾ ನ್ಯೂಗಿನಿಯ ಡಿಕಾ ಟೊವಾ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮಹಿಳಾ ವೇಟ್‌ಲಿಫ್ಟಿಂಗ್ ಮೊದಲ ಸಲ ಸೇರಿದಾಗ ಎಲ್ಲರಿಗಿಂತ ಮೊದಲು ವೇದಿಕೆ ಹತ್ತಿ ಬಾರ್ ಎತ್ತಿದ ಹೆಣ್ಣುಮಗಳು. ಆಗ ಅವರಿಗೆ 16 ವರ್ಷ. ಒಟ್ಟು ಐದು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಗೇಮ್ಸ್‌ನ 53 ಕೆ.ಜಿ. ವಿಭಾಗದಲ್ಲಿ ಮೊದಲು ಬಂದಿದ್ದ ನೈಜೀರಿಯಾದ ಹುಡುಗಿ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಚಿನ್ನ ಡಿಕಾಗೆ ಬಂತು, ಬೆಳ್ಳಿ ಮತ್ತು ಕಂಚು ನಮ್ಮ ಸಂತೋಷಿ ಮತ್ಸಾ ಮತ್ತು ಸ್ವಾತಿ ಸಿಂಗ್ ಅವರಿಗೆ. ನಮ್ಮವರ ಎದುರು ನಿಲ್ಲುವವರು ಇವರು, ಆದರೂ ಇವರ ಬಗ್ಗೆ ನಮ್ಮ ಓದುಗರಿಗೆ ಏನೂ ಗೊತ್ತಿಲ್ಲ.

ಖರ್ಚಿನ ವಿಷಯವನ್ನೂ ಮುಚ್ಚಿಡಬಾರದು. 2019ರ ಗೇಮ್ಸ್ ಟೊಂಗಾದಲ್ಲಿ ಆಗಬೇಕಿತ್ತು. 2017ರಲ್ಲಿ ಪ್ರಧಾನಿ ಅಕಿಲಿಸಿ ಪೊಹಿವಾ ಇಷ್ಟು ದುಡ್ಡು ನಮ್ಮ ಕೈಲಾಗದು ಅಂತ ಹಿಂದೆ ಸರಿದರು, ಸಮೋವಾ ಎರಡೇ ವರ್ಷದಲ್ಲಿ ಸಿದ್ಧ ಮಾಡಿಕೊಂಡು ರಾಜಧಾನಿ ಅಪಿಯಾದಲ್ಲಿ ನಡೆಸಿತು. ಟೊಂಗಾ ಮಾಡಿದ್ದು ಸರಿ ಅನ್ನಿಸುತ್ತದೆ ನನಗೆ. ಸಾಲ ಮಾಡಿ ಸ್ಟೇಡಿಯಂ ಕಟ್ಟಿ ಆಮೇಲೆ ಅದಕ್ಕೆ ಸುಣ್ಣ ಬಳಿಯಲೂ ದುಡ್ಡಿಲ್ಲದೆ ಒದ್ದಾಡುವುದಕ್ಕಿಂತ, ಇದ್ದ ಮೈದಾನದಲ್ಲೇ ಆಗುವಷ್ಟು ಆಡಿಸಿದರೆ ಸಾಕು.

2027ರಲ್ಲಿ ಗೇಮ್ಸ್ ತಾಹಿತಿಯಲ್ಲಿದೆ. ವಾಆ ಅಂತ ಅವರ ದೋಣಿ ಸ್ಪರ್ಧೆ ಇದೆ. ಒಂದು ಪಕ್ಕಕ್ಕೆ ತೇಲುಮರ ಕಟ್ಟಿದ ಸಣ್ಣ ಅಗಲದ ದೋಣಿ, ಆರು ಜನ ಕೂತು ಹುಟ್ಟು ಹಾಕುತ್ತಾರೆ. ಇಂಥ ತೇಲುಮರದ ದೋಣಿಗಳಲ್ಲೇ ಇವರ ಹಿರಿಯರು ಆ ಮಹಾಸಾಗರ ದಾಟಿ ಒಂದೊಂದೇ ದ್ವೀಪ ಸೇರಿದ್ದು. ಈ ಆಟದಲ್ಲಿ ತಾಹಿತಿಯವರನ್ನು ಮೀರಿಸುವುದು ಬಹಳ ಕಷ್ಟ, ಈ ಸಲ ಅವರದ್ದೇ ನೀರು ಬೇರೆ. ನಮ್ಮ ಕರಾವಳಿಯ ಓದುಗರು ಇದನ್ನು ಆಸೆಯಿಂದ ಓದುತ್ತಾರೆ, ನನಗೆ ಅನುಮಾನವೇ ಇಲ್ಲ.

ನಾನು ಕೇಳುವುದು ಜಾಸ್ತಿ ಏನಲ್ಲ. ವರದಿಗಾರರನ್ನು ತಾಹಿತಿಗೆ ಕಳಿಸಿ ಅನ್ನುತ್ತಿಲ್ಲ. ಆ ಎರಡು ವಾರ ಕ್ರೀಡಾ ಪುಟದ ಒಂದು ಮೂಲೆಯಲ್ಲಿ ದಿನಕ್ಕೆ ನಾಲ್ಕು ಸಾಲು ಹಾಕಿ, ಭಾನುವಾರ ಒಂದು ಅರ್ಧ ಪುಟ ಕೊಡಿ. ಒಂದು ಸಣ್ಣ ನಕ್ಷೆ ಇರಲಿ, ಯಾವ ದ್ವೀಪ ಎಲ್ಲಿದೆ ಅಂತ ಮಕ್ಕಳಿಗೆ ತೋರಿಸಬಹುದು. ಯಾವುದಾದರೂ ತಂಡ 46–0 ಅಂತ ಸೋತರೆ ಅದನ್ನೂ ಹಾಕಿ, ಜೊತೆಗೆ ಅವರು ಎಲ್ಲಿಂದ ಬಂದರು, ಹೇಗೆ ಬಂದರು ಅಂತಲೂ ಎರಡು ಸಾಲು ಬರೆಯಿರಿ. ಪುಟವನ್ನು ಕತ್ತರಿಸಿ ನಮ್ಮ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸುವ ಕೆಲಸ ನನ್ನದು.

ಇಂತಿ ನಿಮ್ಮ ಓದುಗ,
ದೈಹಿಕ ಶಿಕ್ಷಣ ಶಿಕ್ಷಕ, ಉಡುಪಿ ಜಿಲ್ಲೆ